ಮೀಟರ್ ದೊಡ್ಡದಾದರೆ ನೀರು ಜಾಸ್ತಿ ಬರಲ್ಲ
ಊರಲ್ಲಿ ಮಹಡಿ ಮನೆ ಕಟ್ಟುವವರು ಪಂಚಾಯ್ತಿಗೆ ಹೋಗಿ ಒಂದು ಇಂಚಿನ ಮೀಟರ್ ಕೇಳುತ್ತಾರೆ. ನೀರು ಜಾಸ್ತಿ ಬರುತ್ತದೆ ಎಂಬ ಆಸೆ. ಜಲಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್, ಐದು ಜನರಿಗೆ 275. ಒತ್ತಡ ಸರಿಯಿದ್ದರೆ ಅರ್ಧ ಇಂಚಿನ, ಅಂದರೆ 15 ಮಿ.ಮೀ. ಮೀಟರಿನಲ್ಲಿ ಅಷ್ಟು ನೀರು ಅರ್ಧ ಗಂಟೆಯೊಳಗೆ ಹಾಯುತ್ತದೆ. ಮೇನ್ ಪೈಪಿನಲ್ಲೇ ಒತ್ತಡ ಇಲ್ಲದಿದ್ದರೆ ಯಾವ ಮೀಟರ್ ಹಾಕಿ ಏನು ಬಂತು? ಮೇಲಾಗಿ ದೊಡ್ಡ ಮೀಟರ್ ಸಣ್ಣ ಧಾರೆಯನ್ನು ಸರಿಯಾಗಿ ಎಣಿಸುವುದಿಲ್ಲ. ಆ ನಷ್ಟ ಊರಿನ ತಲೆಗೆ.

ಬಾಡಿಗೆಗೆ ಮೂರು ಮನೆ ಕಟ್ಟುತ್ತಿದ್ದೀರಾ? ಮನೆಗೊಂದು ಚಿಕ್ಕ ಮೀಟರ್ ಕೇಳಿ. ಎಷ್ಟು ಮನೆ, ಎಷ್ಟು ನಲ್ಲಿ, ಸಂಪ್ ಇದೆಯಾ ಎಂದು ಅರ್ಜಿಯಲ್ಲೇ ಬರೆದು, ಪಾಯ ತೋಡುವ ಮೊದಲೇ ಕೊಡಿ. ಗಿಲಾವು ಆದಮೇಲೆ ಗೋಡೆ ಒಡೆಯುವುದೂ ತಪ್ಪುತ್ತದೆ, ಬಿಲ್ಲಿಗಾಗಿ ಬಾಡಿಗೆದಾರರ ಜಗಳವೂ ತಪ್ಪುತ್ತದೆ. ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ಚೀಟಿ ಸಿಗುವ ತನಕ ಪಂಚಾಯ್ತಿಯಿಂದ ಏಳಬೇಡಿ.