ಡಬ್ಬಿಯೊಳಗಿನ ಸಿಪಾಯಿಗಳು



ಈಚೆಗೆ ಮಖ್ತಲ್ ಸೀಮೆಯ ಕೊತ್ತಪಲ್ಲಿಗೆ ಮನೆಭೇಟಿಗೆಂದು ಹೋಗಿದ್ದೆವು. ಚಹಾ ಬರುವ ಮೊದಲೇ ಆ ಮನೆಯ ಮಗ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ನಮ್ಮ ಮುಂದಿಟ್ಟ. ಒಳಗೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಇಪ್ಪತ್ತೆರಡು ಬಣ್ಣದ ರಟ್ಟುಗಳು. ಒಂದೊಂದರ ಮೇಲೂ ಒಬ್ಬೊಬ್ಬ ಸಿಪಾಯಿ. ಮುತ್ಯಾನ ತಂದೆ ಸಿಕಂದರಾಬಾದಿನ ದಂಡಿನಲ್ಲಿ ಅಡುಗೆಯವರಾಗಿದ್ದರಂತೆ, ಅಲ್ಲಿಂದ ತಂದದ್ದು.

"ಫಾದರ್, ಇವೆರಡು ನೋಡ್ರಿ. ಸಿಪಾಯಿ ಒಬ್ಬನ, ಆದ್ರ ಇದರಾಗ ರುಮಾಲಿನ ಕೆಂಪು ಗೆರಿ ದಾಟ್ಯದ. ತಪ್ಪು ಛಾಪಾ ಅಂತ. ಫೋನಿನಾಗ ಒಬ್ಬಾತ ಎಂಟು ಲಕ್ಷ ಕೊಡ್ತೀನಿ ಅಂದಾನ."

ಎಂಟು ಲಕ್ಷ ಕೊಡುವಾತ 'ನೋಂದಣಿ ಶುಲ್ಕ' ಎಂದು ಆಗಲೇ ಎರಡು ಸಾವಿರ ತರಿಸಿಕೊಂಡಿದ್ದ. ಈಗ 'ತೆರಿಗೆ' ಎಂದು ಹನ್ನೆರಡು ಸಾವಿರ ಕೇಳುತ್ತಿದ್ದ. ಹತ್ತಿ ಮಾರಿದ ರೊಕ್ಕ ಮನೆಯಲ್ಲಿತ್ತು. ಮರುದಿನ ಕಳಿಸುವವರಿದ್ದರು.

ಅಂಚೆಚೀಟಿ ಕೂಡಿಹಾಕುವ ಹುಚ್ಚು ಗುರುಮಠದ ದಿನಗಳಿಂದ ನಮಗಿದೆ. ಚೀಲದಲ್ಲಿ ಒಂದು ಭೂತಕನ್ನಡಿ ಇದ್ದೇ ಇರುತ್ತದೆ. ಅಂದು ಅದು ಕೆಲಸಕ್ಕೆ ಬಂತು.

ಇವು ಸಿಗರೇಟು ಕಾರ್ಡುಗಳು. ಪೊಟ್ಟಣ ಮುದುಡದಿರಲೆಂದು ಇಡುತ್ತಿದ್ದ ರಟ್ಟಿನ ಮೇಲೆ ಚಿತ್ರ ಅಚ್ಚು ಹಾಕಿದರೆ ಗಿರಾಕಿ ಮತ್ತೆ ಬರುತ್ತಾನೆಂದು ಕಂಪನಿಗಳು ಕಂಡುಕೊಂಡವು. ವಿಲ್ಸ್ ಕಂಪನಿಯ 'ಸಿಸರ್ಸ್', ಅಂದರೆ ಕತ್ತರಿ ಮಾರ್ಕಿನ ಸಿಗರೇಟಿನಲ್ಲಿ 1912ರಲ್ಲಿ ಭಾರತದ ರೆಜಿಮೆಂಟುಗಳ 50 ಕಾರ್ಡುಗಳ ಸರಣಿ ಬಂದಿತ್ತು. ಡಬ್ಬಿಯಲ್ಲಿದ್ದವು ಅವೇ. ಐವತ್ತನ್ನೂ ಕೂಡಿಸಲು ಎಷ್ಟು ಹೊಗೆ ಬಿಡಬೇಕಿತ್ತೋ!

ಆ ಕಾಲದ ಬಣ್ಣದ ಚಿತ್ರಗಳು ಹೆಚ್ಚಾಗಿ ಕಲ್ಲಚ್ಚಿನವು. 1843ರಲ್ಲಿ ಬಾಸೆಲ್ ಮಿಷನ್ನಿನವರು ಹೊರತಂದ 'ಮಂಗಳೂರ ಸಮಾಚಾರ' ಕಲ್ಲಚ್ಚಿನದೇ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮ ಪ್ರೆಸ್ಸಿನ ದೇವರ ಪಟಗಳೂ ಹಾಗೆಯೇ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆಯುತ್ತಾರೆ. ಕಲ್ಲನ್ನು ಒದ್ದೆ ಮಾಡಿ ಮಸಿ ಉರುಳಿಸಿದರೆ ಜಿಡ್ಡಿದ್ದಲ್ಲಿ ಮಾತ್ರ ಹಿಡಿಯುತ್ತದೆ. ಬಣ್ಣಕ್ಕೊಂದು ಕಲ್ಲು, ಒಂದೇ ಹಾಳೆ ಅಷ್ಟೂ ಸಲ ಯಂತ್ರಕ್ಕೆ ಹೋಗಬೇಕು. ನಡುವೆ ಕಾಗದ ತೇವ ಹೀರಿ ಕೂದಲೆಳೆಯಷ್ಟು ಹಿಗ್ಗಿದರೂ ಸಾಕು, ರುಮಾಲಿನ ಕೆಂಪು ಸಿಪಾಯಿಯ ಕಿವಿಗೆ ಬಂದು ಕೂರುತ್ತದೆ. ಇಂಥ ಜಾರಿದ ಬಣ್ಣದ ಕಾರ್ಡುಗಳು ಬೇಕಾದಷ್ಟು ಸಿಗುತ್ತವೆ.

ಸಂಗ್ರಾಹಕರು ದುಡ್ಡು ಸುರಿಯುವುದು ಬೇರೆಯದಕ್ಕೆ: ಮುದ್ರಕನೇ ಅಚ್ಚನ್ನು ನಿಲ್ಲಿಸಿ ತಿದ್ದಿದ ಕಡೆ. 1909ರಿಂದ 1911ರವರೆಗೆ ಅಮೆರಿಕದ ತಂಬಾಕು ಕಂಪನಿಯೊಂದು ಬೇಸ್‌ಬಾಲ್ ಆಟಗಾರರ ಕಾರ್ಡುಗಳನ್ನು ಹೊರಡಿಸಿತು. ಅದರಲ್ಲಿ ಷೆರಿ ಮಗೀ ಎಂಬಾತನ ಹೆಸರಿನ ಕಾಗುಣಿತವೇ ತಪ್ಪಿತ್ತು. ಬೇಗನೆ ತಿದ್ದಿದರು, ತಪ್ಪಿದ್ದ ಕೆಲವೇ ಕಾರ್ಡುಗಳು ಹೊರಗೆ ಉಳಿದವು. ಜೋ ಡಾಯ್ಲ್ ಎಂಬಾತನದು ಇನ್ನೂ ತಮಾಷೆ. ನ್ಯೂಯಾರ್ಕಿನ ಎರಡು ತಂಡಗಳಲ್ಲೂ ಒಬ್ಬೊಬ್ಬ ಡಾಯ್ಲ್ ಇದ್ದ. ಇವನನ್ನು ಅವನ ತಂಡಕ್ಕೆ ಸೇರಿಸಿಬಿಟ್ಟರು. ಆಮೇಲೆ ತಂಡದ ಗುರುತಿನ ಒಂದು ಪದವನ್ನು ಅಳಿಸಿದರು. ಆ ಒಂದು ಪದ ಉಳಿದ ಕಾರ್ಡು ಇಂದು ಬೆರಳೆಣಿಕೆಯಷ್ಟು. ವಿಲ್ಸ್‌ನವರು ಸಂಗೀತಗಾರರ ಎರಡನೆಯ ಸರಣಿಯಲ್ಲಿ ಮೊದಲ ಮಹಾಯುದ್ಧದ ಹೊತ್ತಿಗೆ ಶತ್ರುದೇಶದವರೆಂದು 8 ಜನರನ್ನು ತೆಗೆದು ಬೇರೆಯವರನ್ನು ಹಾಕಿದರು. ಪಾಪ, ಪಿಟೀಲು ಬಾರಿಸಿದ್ದೇ ತಪ್ಪಾಯಿತು.

ಅಮೆರಿಕದ ಅದೇ ಸರಣಿಯ ಹೋನಸ್ ವಾಗ್ನರನ ಕಾರ್ಡೊಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಫೋನಿನಲ್ಲಿ ಓಡಾಡುವ ಕಥೆಗಳಿಗೆ ಇಂಥ ಸುದ್ದಿಗಳೇ ಬೀಜ.

ಕೊತ್ತಪಲ್ಲಿಯ ಎರಡು ಸಿಪಾಯಿಗಳನ್ನು ಕನ್ನಡಿಯ ಕೆಳಗಿಟ್ಟೆವು. ಮೀಸೆ, ಗುಂಡಿ, ಅಕ್ಷರ ಎಲ್ಲ ಒಂದೇ. ಚುಕ್ಕೆಗಳು ಕೈಯಿಂದ ಇಟ್ಟಂತೆ ಹೆಚ್ಚುಕಡಿಮೆಯಾಗಿದ್ದವು. ಈಗಿನ ನಕಲಾಗಿದ್ದರೆ ನೇಯ್ದಂತೆ ಸಾಲಾಗಿರುತ್ತಿದ್ದವು. ಕಾರ್ಡು ಅಸಲಿ, ಆದರೆ ಕೆಂಪು ಜಾರಿದ್ದು ಅಷ್ಟೇ. ಇಡೀ ಡಬ್ಬಿಯದು ಸಾವಿರಗಳ ಮಾತು, ಲಕ್ಷದ್ದಲ್ಲ ಎಂದೆವು. ಹುಡುಗನ ಮುಖ ನೋಡಲಾಗಲಿಲ್ಲ. ತಂಗಿಯ ಮದುವೆ ನಿಶ್ಚಯವಾಗಿತ್ತು.

ಕೊಳ್ಳುವವನು ಮಾರುವವನಿಂದ ಮುಂಗಡ ಕೇಳುತ್ತಾನೆಯೇ? ಹಳೆಯ ನೋಟು, ನಾಣ್ಯಗಳ ಹೆಸರಿನಲ್ಲಿ ಇದೇ ಆಟ ನಡೆದು, 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಜನರನ್ನು ಎಚ್ಚರಿಸಬೇಕಾಯಿತು. ಮೋಸಗಾರರು ಬ್ಯಾಂಕಿನ ಹೆಸರು, ಲಾಂಛನವನ್ನೇ ಬಳಸಿ ಶುಲ್ಕ, ತೆರಿಗೆ ಕೇಳುತ್ತಿದ್ದರು. ಹುಡುಗ ಅಲ್ಲೇ ಕುಳಿತು 1930ಕ್ಕೆ ಫೋನು ಮಾಡಿ ದೂರು ಕೊಟ್ಟ. ಕೊಟ್ಟ ಎರಡು ಸಾವಿರ ಇದನ್ನು ಬರೆಯುವವರೆಗೂ ಬಂದಿಲ್ಲ. ಹನ್ನೆರಡು ಸಾವಿರ ಉಳಿಯಿತು.

ಹೊರಡುವಾಗ ಕಾರ್ಡುಗಳಿಗೆ ಸುತ್ತಿದ್ದ ರಬ್ಬರ್‌ಬ್ಯಾಂಡು ತೆಗೆಸಿದೆವು. ಅದು ಅಂಚನ್ನು ತಿನ್ನುತ್ತದೆ. ಒಂದರ ಬೆನ್ನಿಗೆ ಪೆನ್ಸಿಲಿನಲ್ಲಿ ಹಾಲಿನ ಲೆಕ್ಕವಿತ್ತು. ಗೀಚಿದ ಕಾರ್ಡಿಗೆ ಬೆಲೆ ಇನ್ನೂ ಕಡಿಮೆ ಎಂದು ಬಾಯಿತಪ್ಪಿ ಹೇಳಿದೆವು. ಒಲೆಯ ಮುಂದಿದ್ದ ಅಜ್ಜಿ ಎದ್ದು ಬಂದರು. "ಅದು ನಮ್ಮ ಮಾವನ ಅಕ್ಷರ. ಅದೊಂದು ಇತ್ತಾಗ ಕೊಡ್ರಿ ಫಾದರ್," ಎಂದು ಕೈಚಾಚಿದರು.