ಹಣ್ಣಿನ ಗುಣ ಬಲ್ಲ ಮುಲ್ಕಿಯ ದುಡಿಮೆಗಾರ

ಬೇಸಿಗೆ ಬಂತೆಂದರೆ ಗದಗ-ಬೆಟಗೇರಿ ಪೇಟೆಯಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸಂತೆಗಳಲ್ಲಿ ಹಣ್ಣಿನ ಗಾಡಿಗಳು ಸಾಲುಗಟ್ಟುತ್ತವೆ. ಬಸ್ಸಿಗೆ ಕಾಯುವ ಗಿರಾಕಿ ಮಾವಿನ ಹಣ್ಣು ಕೈಗೆತ್ತಿಕೊಂಡು ಕೇಳುವುದು ಒಂದೇ ಮಾತು: “ಪುಡಿ ಹಾಕಿ ಹಣ್ಣು ಮಾಡೀರೇನ್ರೀ?” ಈ ಸಂಶಯ ಪೇಟೆಗೆ ಶೋಭೆಯಲ್ಲ. ಹಣ್ಣಿನ ವ್ಯಾಪಾರಿಯ ಮಗನೊಬ್ಬನ ಬದುಕನ್ನು ಈ ಹೊತ್ತಿನಲ್ಲಿ ನೆನೆಯುವುದು ಒಳ್ಳೆಯದು.

ರಘುನಂದನ ಕಾಮತ್ ದಕ್ಷಿಣ ಕನ್ನಡದ ಕಡಲ ತೀರದ ಮುಲ್ಕಿಯವರು. ತಂದೆಯದು ಹಣ್ಣಿನ ವ್ಯಾಪಾರ. ಮನೆ ತುಂಬ ಮಕ್ಕಳು, ಗಳಿಕೆ ಅಷ್ಟಕ್ಕಷ್ಟೆ. ಯಾವ ಹಣ್ಣು ಮಾಗಿದೆ, ಯಾವುದು ಇನ್ನೂ ಕಾಯಿ ಎಂಬುದನ್ನು ಹುಡುಗ ತಂದೆಯ ಜೊತೆಗೇ ಕಲಿತ. ಅದೇ ಅವರ ನಿಜವಾದ ಶಾಲೆ.

ಹುಡುಗನಾಗಿದ್ದಾಗಲೇ ಮುಂಬಯಿ ಸೇರಿ ಅಣ್ಣನ ಹೋಟೆಲಿನಲ್ಲಿ ದುಡಿದರು. ಐಸ್‌ಕ್ರೀಮಿನಲ್ಲಿ ಹಣ್ಣಿನ ವಾಸನೆ ಇದ್ದರೆ ಸಾಲದು, ಹಣ್ಣೇ ಯಾಕಿರಬಾರದು ಎಂಬುದು ಅವರ ತಲೆಯೊಳಗಿನ ಹುಳ. 1984ರ ಫೆಬ್ರವರಿ 14ರಂದು ಜುಹುವಿನಲ್ಲಿ ಪುಟ್ಟ ಅಂಗಡಿ ತೆರೆದರು. ಬರೇ ಐಸ್‌ಕ್ರೀಮ್ ಅಂದರೆ ಜನ ಬರುವುದು ಕಷ್ಟ. ಅದಕ್ಕೆ ಪಾವ್ ಭಾಜಿಯನ್ನೂ ಇಟ್ಟರು. ಖಾರ ತಿಂದವನ ನಾಲಿಗೆ ತಾನಾಗಿ ತಂಪು ಬೇಡುತ್ತದೆ! ಮಿರ್ಚಿ ಭಜಿ ತಿಂದು ನೀರಿಗೆ ಕೈ ಚಾಚುವ ಗದಗಿನವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕೇ? ಐಸ್‌ಕ್ರೀಮಿಗೆ ಹೆಸರು ಬಂದ ಮೇಲೆ ಭಾಜಿಯನ್ನು ಕೈಬಿಟ್ಟರು.

ಹಾಲು, ಸಕ್ಕರೆ, ಹಣ್ಣು. ಇಷ್ಟೇ ಅವರ ಬಂಡವಾಳದ ಗುಟ್ಟು. ಸೀತಾಫಲ, ಚಿಕ್ಕು, ಎಳನೀರು ಎಲ್ಲವೂ ಐಸ್‌ಕ್ರೀಮ್ ಆದವು. ಹೆಂಡತಿ ಹೆಗಲು ಕೊಟ್ಟರು, ಮುಂದೆ ಮಗನೂ ಅದೇ ವ್ಯಾಪಾರಕ್ಕೆ ಬಂದ. 2024ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ‘ನ್ಯಾಚುರಲ್ಸ್’ ಹೆಸರಿನ ಅಂಗಡಿಗಳು ದೇಶದ ಊರೂರುಗಳಲ್ಲಿ ನೂರು ದಾಟಿದ್ದವು. ಪೇಪರುಗಳು ಅವರನ್ನು ‘ಐಸ್‌ಕ್ರೀಮ್ ಮನುಷ್ಯ’ ಎಂದು ಕರೆದವು. ‘ಹಣ್ಣಿನ ಮನುಷ್ಯ’ ಎಂದಿದ್ದರೂ ತಪ್ಪಾಗುತ್ತಿರಲಿಲ್ಲ.

ಎಲ್ಲರೂ ಮುಂಬಯಿಗೆ ಹೋಗಿ ಕಾಮತರಾಗಲು ಸಾಧ್ಯವಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಮಾಲು ಬಲ್ಲವನೇ ವ್ಯಾಪಾರಿ ಎಂಬ ಅವರ ಪಾಠ ನಮ್ಮ ಗಾಡಿಯವರಿಗೂ ಸಲ್ಲುತ್ತದೆ. ಕಾರ್ಬೈಡ್ ಪುಡಿಯಿಂದ ಹಣ್ಣು ಮಾಡುವುದನ್ನು ಸರಕಾರದ 2011ರ ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಆ ಪುಡಿಯಲ್ಲಿ ಆರ್ಸೆನಿಕ್, ರಂಜಕದ ಅಂಶ ಇರುತ್ತದೆ. ಸಿಪ್ಪೆ ಹಳದಿಯಾಗುತ್ತದೆ, ಒಳಗೆ ಹುಳಿ ಹಾಗೇ ಉಳಿಯುತ್ತದೆ. ತಿಂದ ಮಗುವಿನ ಹೊಟ್ಟೆಗೇ ಅಪಾಯ.

ತಪ್ಪನ್ನೆಲ್ಲ ಗಾಡಿಯವನ ತಲೆಗೆ ಕಟ್ಟಿದರೂ ನ್ಯಾಯವಾಗದು. ನೆತ್ತಿಯ ಮೇಲೆ ಬಿಸಿಲು, ಮಾಲು ಕೆಟ್ಟರೆ ನಷ್ಟ ಅವನದೇ, ಸಂಜೆಗೆ ಸಾಲಗಾರ ಮುಂದೆ ನಿಂತಿರುತ್ತಾನೆ. ಅವಸರದಲ್ಲಿ ಹಣ್ಣು ಮಾಡುವ ಆಸೆ ಹುಟ್ಟುವುದು ಅಲ್ಲಿಯೇ. ನಗರಸಭೆ, ಪುರಸಭೆಗಳು ಗಾಡಿಗಳಿಗೆ ನೆರಳಿನ ಜಾಗ ಕೊಡಲಿ. ಎಪಿಎಂಸಿಯವರು ನಿಯಮ ಒಪ್ಪುವ ಎಥಿಲಿನ್ ಅನಿಲದ ಹಣ್ಣು ಮಾಡುವ ಕೋಣೆಯ ಸೌಕರ್ಯವನ್ನು ಸಣ್ಣ ವ್ಯಾಪಾರಿಗೂ ಎಟುಕುವಂತೆ ಮಾಡಲಿ. ಆಮೇಲೂ ಪುಡಿ ಹಾಕಿದರೆ ದಂಡ ಹಾಕಲಿ, ಯಾರೂ ಬೇಡ ಅನ್ನುವುದಿಲ್ಲ. 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ನೆಲ ಇದು. ಹಣ್ಣಿನವರು ನಾಲ್ಕು ಮಂದಿ ಕೂಡಿ ಇಷ್ಟು ಮಾಡಲಾರರೇ?

ಮುಲ್ಕಿಯ ತಂದೆ ಮಗನಿಗೆ ಆಸ್ತಿ ಬಿಡಲಿಲ್ಲ, ಹಣ್ಣು ಗುರುತಿಸುವ ಕಣ್ಣು ಕೊಟ್ಟ. ನಮ್ಮ ಪೇಟೆಯ ಗಾಡಿಗಳ ಹಿಂದೆಯೂ ಅಪ್ಪನಿಗೆ ಕೈಜೋಡಿಸಿ ನಿಂತ ಹುಡುಗರಿದ್ದಾರೆ. ಅವರು ಇವತ್ತು ಏನು ಕಲಿಯುತ್ತಾರೆ, ಹಣ್ಣಿನ ಗುಣವನ್ನೋ, ಪುಡಿಯ ಪೊಟ್ಟಣವನ್ನೋ? ಹಿರಿಯರು ವಿಚಾರ ಮಾಡಲಿ.