ಮದ್ದು ಶುರುವಾದದ್ದು ಯಾವ ತಾರೀಖು?

ಮಾನಸಿಕ ಕಾಯಿಲೆಗೆಂದು ಹ್ಯಾಲೋಪೆರಿಡಾಲ್ ಇಂಜೆಕ್ಷನ್ ಪಡೆದ ಹುಡುಗನ ಕತ್ತು ಮರುದಿನ ಒಂದು ಪಕ್ಕಕ್ಕೆ ತಿರುಚಿಕೊಂಡು ನಿಲ್ಲುತ್ತದೆ. ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಳ್ಳುತ್ತವೆ. ಕೆಲವರು ಗಾಳಿ ಸೋಕಿತೆನ್ನುತ್ತಾರೆ, ಕೆಲವರು ಮೂರ್ಛೆರೋಗವೆನ್ನುತ್ತಾರೆ. ಎರಡೂ ಅಲ್ಲ. ಇದು ಡಿಸ್ಟೋನಿಯಾ, ಮದ್ದಿನ ಅಡ್ಡಪರಿಣಾಮ. ಮದ್ದು ಆರಂಭಿಸಿದ ಅಥವಾ ಪ್ರಮಾಣ ಹೆಚ್ಚಿಸಿದ ಕೆಲವು ಗಂಟೆಗಳಿಂದ ನಾಲ್ಕೈದು ದಿನಗಳೊಳಗೆ ಬರುತ್ತದೆ. ಎಳೆಯ ವಯಸ್ಸಿನವರಲ್ಲೇ ಹೆಚ್ಚು. ಆಸ್ಪತ್ರೆಯಲ್ಲಿ ಪ್ರೊಮೆಥಜಿನ್‌ನಂಥ ಮದ್ದು ಚುಚ್ಚಿದರೆ ಸಾಮಾನ್ಯವಾಗಿ ಬೇಗನೆ ಸಡಿಲುತ್ತದೆ. ಗಂಟಲು ಬಿಗಿದು ಉಸಿರಾಟಕ್ಕೆ ತೊಡಕಾದರೆ ಮಾತ್ರ ಕ್ಷಣವೂ ತಡಮಾಡಬಾರದು. ವಾಂತಿ ನಿಲ್ಲಿಸಲು ಕೊಡುವ ಮೆಟೊಕ್ಲೋಪ್ರಮೈಡ್‌ನಿಂದಲೂ ಮಕ್ಕಳಿಗೆ ಹೀಗಾಗುವುದುಂಟು.

1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಬಳಕೆಯೊಂದಿಗೆ ಆರಂಭವಾದ ಈ ಆಂಟಿಸೈಕೋಟಿಕ್ ಔಷಧಗಳು ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆದು ಭ್ರಮೆಗಳನ್ನು ತಗ್ಗಿಸುತ್ತವೆ. ಕೈಕಾಲುಗಳ ಚಲನೆಗೂ ಅದೇ ಡೋಪಮಿನ್ ಬೇಕಲ್ಲ! ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಇದರ ಸುಳಿವು ಕಂಡರು. ಭಾರತದ ಸರ್ಪಗಂಧಿ ಬೇರಿನಲ್ಲಿರುವ ರಿಸರ್ಪಿನ್ ಮೆದುಳಿನ ಡೋಪಮಿನ್ ದಾಸ್ತಾನನ್ನು ಬರಿದು ಮಾಡುತ್ತದೆ. ಅದನ್ನು ಪಡೆದ ಮೊಲಗಳು ಕದಲದಾದವು. ದೇಹದಲ್ಲಿ ಡೋಪಮಿನ್ ಆಗಿ ಬದಲಾಗುವ ಎಲ್-ಡೋಪ ಚುಚ್ಚಿದೊಡನೆ ಮತ್ತೆ ಓಡಾಡಿದವು. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು.

ಅಡ್ಡಪರಿಣಾಮಗಳಲ್ಲಿ ಎಲ್ಲಕ್ಕಿಂತ ಮೋಸದ್ದು ಅಕಥಿಸಿಯಾ. ಮದ್ದು ಆರಂಭಿಸಿದ ಕೆಲವು ದಿನಗಳಿಂದ ಕೆಲವು ವಾರಗಳೊಳಗೆ, ಕೂತಲ್ಲಿ ಕೂರಲಾರದ, ನಿಂತಲ್ಲಿ ನಿಲ್ಲಲಾರದ ಚಡಪಡಿಕೆ. ಕೆಲವರಿಗೆ ಜೀವವೇ ಬೇಡವೆನಿಸುವಷ್ಟು ಸಂಕಟ. ಮನೆಯವರು ಕಾಯಿಲೆಯೇ ಉಲ್ಬಣಿಸಿತೆಂದು ವೈದ್ಯರಿಗೆ ಹೇಳುತ್ತಾರೆ. ಅದರಂತೆ ಮದ್ದಿನ ಪ್ರಮಾಣ ಏರಿದರೆ ಚಡಪಡಿಕೆಯೂ ಏರುತ್ತದೆ! ಮದ್ದು ಶುರುವಾದ ದಿನ, ಪ್ರಮಾಣ ಬದಲಾದ ದಿನ, ತೊಂದರೆ ಕಂಡ ದಿನ, ಈ ಮೂರನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ವೈದ್ಯರಿಗೆ ತೋರಿಸಿದರೆ ಈ ಗೊಂದಲ ಬಹಳಷ್ಟು ತಪ್ಪುತ್ತದೆ. ಪ್ರಮಾಣ ಇಳಿಸುವುದೋ ಮದ್ದು ಬದಲಿಸುವುದೋ ಅವರ ತೀರ್ಮಾನ. ಹೆದರಿ ಮನೆಯವರೇ ಮಾತ್ರೆ ನಿಲ್ಲಿಸಿದರೆ ಕಾಯಿಲೆ ನಿಜವಾಗಿಯೂ ಮರುಕಳಿಸೀತು.

ಇನ್ನು ನಡುಕ, ಬಿಗಿತ, ನಿಧಾನ ನಡಿಗೆ, ಭಾವವಿಲ್ಲದ ಮುಖ. ಪಾರ್ಕಿನ್ಸನ್ ರೋಗವನ್ನು ಹೋಲುವ ಇವು ಸಾಮಾನ್ಯವಾಗಿ ಮೊದಲ ಮೂರು ತಿಂಗಳೊಳಗೆ ಬರುತ್ತವೆ, ವಯಸ್ಸಾದವರಲ್ಲಿ ಹೆಚ್ಚು. ಪಾಪ, ಸೋಮಾರಿಯೆಂಬ ಬೈಗುಳವೂ ರೋಗಿಗೇ.

ಕೊನೆಯದು ಟಾರ್ಡಿವ್ ಡಿಸ್ಕೈನೀಸಿಯಾ. ಟಾರ್ಡಿವ್ ಎಂದರೆ ತಡವಾಗಿ ಬರುವಂಥದು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಮದ್ದು ನಡೆದ ಮೇಲೆ ತುಟಿ ಚಪ್ಪರಿಸುವುದು, ನಾಲಿಗೆ ಹೊರಚಾಚುವುದು ತಾನಾಗಿಯೇ ಆರಂಭವಾಗುತ್ತದೆ. ಹೊಸ ತಲೆಮಾರಿನ ಮದ್ದುಗಳಲ್ಲಿ ಇದು ಕಡಿಮೆ, ಇಲ್ಲವೆಂದಲ್ಲ. ಇದಕ್ಕೆಂದೇ ಅಮೆರಿಕದಲ್ಲಿ ಮೊದಲ ಬಾರಿಗೆ ಒಂದು ಔಷಧಕ್ಕೆ, ವಾಲ್ಬೆನಜಿನ್‌ಗೆ, ಒಪ್ಪಿಗೆ ಸಿಕ್ಕಿದ್ದು 2017ರಲ್ಲಿ. ಮದ್ದು ಬಿಟ್ಟ ಮೇಲೂ ಇದು ಉಳಿಯಬಹುದು; ಕೆಲವರಲ್ಲಂತೂ ಬಿಟ್ಟ ಕೆಲವು ವಾರಗಳ ನಂತರವೇ ಮೊದಲು ಕಾಣಿಸುತ್ತದೆ. ಹಾಗಾಗಿ ಕ್ಯಾಲೆಂಡರಿನಲ್ಲಿ ಮದ್ದು ನಿಂತ ತಾರೀಖೂ ಇರಬೇಕು.